ಒಂದು ‘ಎ’ ಬಿಟ್ಟುಹೋಗಿದ್ದಕ್ಕೆ ಇಷ್ಟೆಲ್ಲ ರಗಳೆ

ಗಂಗಾವತಿ ಸುತ್ತಮುತ್ತ ಅಕ್ಕಿ ಗಿರಣಿಗಳಿಗೆ ಕೊರತೆಯಿಲ್ಲ. ಅವುಗಳ ಆಫೀಸ್ ಕಂಪ್ಯೂಟರ್ ರಿಪೇರಿ ನನ್ನ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತಲ್ಲ, ಆಮೇಲೆ ಹಳೇ ಮಷೀನ್‌ಗಳಿಗೆ ವಿಂಡೋಸ್ ಬದಲು ಉಬುಂಟು (ಉಚಿತವಾಗಿ ಸಿಗುವ ಲಿನಕ್ಸ್ ಸಿಸ್ಟಂ) ಹಾಕಿಕೊಡಿ ಅನ್ನುವವರು ಜಾಸ್ತಿಯಾದರು. ಹಾಕುವುದೇನೋ ಸುಲಭ. ಅವರು ಆಮೇಲೆ ಎಲ್ಲಿಂದಲೋ ತಂದು ಓಡಿಸುವ ‘ಹೀಗೆ ಮಾಡಿ’ ಟಿಪ್ಪಣಿಗಳದ್ದೇ ತಲೆನೋವು.

ಒಂದು ಗಿರಣಿಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಇದೆ. ಅದು ಯುಎಸ್‌ಬಿ ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರ್‌ಗೆ ತೂಕ ಕಳಿಸುತ್ತದೆ. ಉಬುಂಟುವಿನಲ್ಲಿ ಆ ಪೋರ್ಟ್ ಓದಬೇಕಾದರೆ ಬಳಕೆದಾರ ‘ಡಯಲೌಟ್’ ಗುಂಪಿನಲ್ಲಿರಬೇಕು, ಅಂದರೆ ಸೀರಿಯಲ್ ಪೋರ್ಟ್ ಬಳಸಲು ಅನುಮತಿ ಇರುವವರ ಪಟ್ಟಿಯಲ್ಲಿ. ಅಲ್ಲಿನ ಗುಮಾಸ್ತರಿಗೆ ವಾಟ್ಸಾಪ್‌ನಲ್ಲಿ ಸಿಕ್ಕ ಟಿಪ್ಪಣಿ, ಪೋರ್ಟ್‌ಗೆ ಸಿಎಚ್‌ಮಾಡ್ 777 (ಎಲ್ಲರಿಗೂ ಪೂರ್ತಿ ಅನುಮತಿ ಕೊಡುವ ಕಮಾಂಡ್) ಹಾಕಿ ಅಂದಿತ್ತು. ಹಾಕಿದರೆ ತೂಕ ಬರುತ್ತದೆ, ಸುಳ್ಳಲ್ಲ. ಆದರೆ ಕೇಬಲ್ ಕಿತ್ತು ಚುಚ್ಚಿದರೂ, ಕರೆಂಟ್ ಹೋಗಿ ಬಂದರೂ ಸಿಸ್ಟಂ ಆ ಪೋರ್ಟನ್ನು ಹೊಸದಾಗಿ ಮಾಡುತ್ತದೆ. ಅನುಮತಿ ಮತ್ತೆ ಮೊದಲಿನಂತೆ. ನಮ್ಮ ಕಡೆ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ಟಿಪ್ಪಣಿ ಬರೆದವನಿಗೇನು ಗೊತ್ತು, ಅಲ್ವಾ?

ಬೇಸತ್ತು ಅವರು ಇನ್ನೊಂದು ಟಿಪ್ಪಣಿ ಹುಡುಕಿದರು. ಇದು ಸರಿಯಾದ ದಾರಿಯದ್ದೇ. ಬಳಕೆದಾರನ ಖಾತೆ ಬದಲಿಸುವ ಯೂಸರ್‌ಮಾಡ್ ಕಮಾಂಡ್ ಕೊಟ್ಟು ಡಯಲೌಟ್‌ಗೆ ಸೇರಿಸಿ ಅಂದಿತ್ತು. ಆದರೆ ‘-ಎಜಿ’ (-aG) ಇರಬೇಕಾದ ಕಡೆ ಬರೀ ‘-ಜಿ’ (-G) ಇತ್ತು. ‘ಎ’ ಇದ್ದರೆ ಇರುವ ಗುಂಪುಗಳ ಜೊತೆ ಇನ್ನೊಂದು ಸೇರುತ್ತದೆ. ಇಲ್ಲದಿದ್ದರೆ ಹೆಚ್ಚುವರಿ ಗುಂಪುಗಳೆಲ್ಲ ಹೋಗಿ ಹೊಸದೊಂದೇ ಉಳಿಯುತ್ತದೆ. ಹೋದವುಗಳಲ್ಲಿ ಅಡ್ಮಿನ್ ಅಧಿಕಾರ ಕೊಡುವ ‘ಸುಡೋ’ ಕೂಡ ಇತ್ತು. ರೀಸ್ಟಾರ್ಟ್ ಆದ ಮೇಲೆ ತೂಕ ಚೆನ್ನಾಗಿಯೇ ಬಂತು. ಟರ್ಮಿನಲ್‌ನಲ್ಲಿ ಅಪ್‌ಡೇಟ್ ಹಾಕಲು ಹೋದರೆ ಮಾತ್ರ, ಪಾಸ್‌ವರ್ಡ್ ಸರಿಯಿದ್ದರೂ ನಿಮಗೆ ಆ ಅಧಿಕಾರವಿಲ್ಲ ಅನ್ನುತ್ತಿತ್ತು. ಉಬುಂಟುವಿನಲ್ಲಿ ಪೂರ್ತಿ ಅಧಿಕಾರವಿರುವ ರೂಟ್ ಖಾತೆಗೆ ಲಾಗಿನ್ ಮೊದಲಿಂದಲೂ ಮುಚ್ಚಿರುತ್ತದೆ, ಹಾಗಾಗಿ ಆ ಕಡೆಯಿಂದಲೂ ಹೋಗುವಂತಿಲ್ಲ.

ನಾನು ರಿಪೇರಿಗೆಂದೇ ಇರುವ ರಿಕವರಿ ಮೋಡ್‌ನಲ್ಲಿ ಬೂಟ್ ಮಾಡಿ, ರೂಟ್ ಅಧಿಕಾರದಲ್ಲಿ ಕಮಾಂಡ್ ಹೊಡೆಯಲು ರೂಟ್ ಶೆಲ್ ತೆರೆದೆ. ಡಿಸ್ಕ್‌ಗೆ ಬರೆಯಲು ಬರುವಂತೆ ರೀಮೌಂಟ್ ಮಾಡಿ, ‘-ಎಜಿ’ ಕೊಟ್ಟು ಸುಡೋ ಗುಂಪಿಗೆ ವಾಪಸ್ ಸೇರಿಸಿದೆ. ಬೇರೆ ಯಾವ ಗುಂಪು ಹೋಗಿವೆ ಅಂತ ಹೇಗೆ ತಿಳಿಯುವುದು? ಅದೇ ಆವೃತ್ತಿಯ ಇನ್ನೊಂದು ಮಷೀನ್‌ನಲ್ಲಿ ‘ಗ್ರೂಪ್ಸ್’ ಅಂತ ಹೊಡೆದು, ಬಂದ ಪಟ್ಟಿ ನೋಡಿ ಸೇರಿಸಿದೆ.

ಟಿಪ್ಪಣಿ ಬರೆದವರನ್ನು ಬೈಯಲು ನನಗೆ ಮನಸ್ಸಿಲ್ಲ. ಅಧಿಕೃತ ಕೈಪಿಡಿಗಳು ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತವೆ. ಯಾರೋ ಪುಣ್ಯಾತ್ಮರು ಸುಮ್ನೆ ಸಹಾಯ ಆಗಲಿ ಅಂತ ಕನ್ನಡದಲ್ಲಿ ಬರೆದಿರುತ್ತಾರೆ. ಆದರೆ ಕೈಯಿಂದ ಕೈಗೆ ದಾಟಿದ ಮೇಲೆ ಅದನ್ನು ತಿದ್ದುವವರು ಯಾರೂ ಇರುವುದಿಲ್ಲ. ಯೂಸರ್‌ಮಾಡ್‌ನ ಆ ‘ಎ’ ವಿಷಯ ಮಷೀನ್‌ನೊಳಗಿನ ಮ್ಯಾನ್ ಪುಟದಲ್ಲೇ, ಅಂದರೆ ಆ ಕಮಾಂಡ್‌ನ ಕೈಪಿಡಿಯಲ್ಲೇ ಇದೆ. ನಾನು ಮೊದಲು ಅಲ್ಲಿ ನೋಡುತ್ತೇನೆ. ಸಾಫ್ಟ್‌ವೇರ್ ಹಾಕುವ ಆಪ್ಟ್ ಕಮಾಂಡ್‌ನಿಂದ ಏನಾದರೂ ಹಾಕಬೇಕಿದ್ದರೆ ಮೊದಲು ‘-ಎಸ್’ (-s) ಸೇರಿಸಿ ಓಡಿಸುತ್ತೇನೆ. ಅದು ಏನನ್ನೂ ಮುಟ್ಟದೆ, ಏನು ಬರುತ್ತದೆ, ಏನು ಹೋಗುತ್ತದೆ ಅಂತಷ್ಟೇ ತೋರಿಸುತ್ತದೆ. ಹೋಗುವ ಪಟ್ಟಿ ಉದ್ದ ಇದ್ದರೆ ಅಲ್ಲಿಗೇ ನಿಲ್ಲಿಸುತ್ತೇನೆ.

ಈಗ ಗಿರಾಕಿಗಳಿಗೆ ನಾನೇ ಒಂದು ಹಾಳೆ ಬರೆದು ಕೊಡುತ್ತೇನೆ. ಮೇಲೆ ಉಬುಂಟು ಆವೃತ್ತಿ ಮತ್ತು ತಾರೀಖು, ಪ್ರತಿ ಕಮಾಂಡ್ ಕೆಳಗೆ ಅದನ್ನು ವಾಪಸ್ ತೆಗೆಯುವ ದಾರಿ. ಗುಂಪು ಬದಲಿಸುವ ಕಡೆ ಇನ್ನೊಂದು ಸಾಲು ಇದೆ: ಮೊದಲು ‘ಗ್ರೂಪ್ಸ್’ ಹೊಡೆದು, ಬಂದದ್ದನ್ನು ಫೋನ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ.