ಹಳೇ ಲಂಡನ್ನಿನ ವ್ಯಂಗ್ಯಚಿತ್ರ ಓದುವುದು ಹೇಗೆ?

ಜೇಮ್ಸ್ ಗಿಲ್‌ರೇ ಬರೆದ ವ್ಯಂಗ್ಯಚಿತ್ರವನ್ನು ಮೊದಲ ಸಲ ನೋಡಿದಾಗ ತಲೆಬುಡ ತಿಳಿಯುವುದಿಲ್ಲ. ಡೊಳ್ಳುಹೊಟ್ಟೆಯವನೊಬ್ಬ ಕುರ್ಚಿಗೆ ಒರಗಿದ್ದಾನೆ. ಸುತ್ತ ಏನೇನೋ ಸಾಮಾನು, ಅಲ್ಲಲ್ಲಿ ಪುಟ್ಟ ಅಕ್ಷರ. ಇಂಥವನ್ನು ನೋಡಲು 18ನೇ ಶತಮಾನದ ಕೊನೆಯಲ್ಲಿ ಜನ ಅಂಗಡಿ ಕಿಟಕಿಗಳ ಮುಂದೆ ಗುಂಪುಗೂಡುತ್ತಿದ್ದರು. ಅವರಿಗೆ ಗೊತ್ತಿದ್ದದ್ದು ನಮಗೂ ಗೊತ್ತಾದರೆ ಚಿತ್ರ ಮಾತಾಡತೊಡಗುತ್ತದೆ. ಬ್ರಿಟಿಷ್ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಸಾವಿರಾರು ಚಿತ್ರಗಳಿವೆ, ದುಡ್ಡು ಕೊಡಬೇಕಿಲ್ಲ. ಮೊಬೈಲ್‌ಗಿಂತ ದೊಡ್ಡ ಪರದೆಯಲ್ಲಿ ತೆರೆದರೆ ಒಳ್ಳೆಯದು.

1. ಕೆಳಗಿನ ಅಂಚಿನಿಂದ ಶುರು ಮಾಡಿ

ಅಲ್ಲಿ ಒಂದು ದಿನಾಂಕ, ಒಂದು ಹೆಸರು ಇರುತ್ತದೆ. 1735ರಲ್ಲಿ ಜಾರಿಗೆ ಬಂದ ಕಾಯ್ದೆಯಂತೆ ಇವೆರಡನ್ನೂ ಚಿತ್ರ ಅಚ್ಚು ಹಾಕುವ ತಾಮ್ರದ ತಗಡಿನ ಮೇಲೇ ಕೆತ್ತಬೇಕಿತ್ತು. ಚಿತ್ರಗಳನ್ನು ಕಂಡಕಂಡವರು ನಕಲು ಹೊಡೆಯುತ್ತಿದ್ದ ಕಾಲ ಅದು. ಈ ಕಾಯ್ದೆಗಾಗಿ ಓಡಾಡಿದವರಲ್ಲಿ ಚಿತ್ರಕಾರ ವಿಲಿಯಂ ಹೊಗಾರ್ತ್ ಮುಖ್ಯ. ಗಿಲ್‌ರೇ ಚಿತ್ರಗಳಲ್ಲಿ ಜಾಸ್ತಿ ಕಾಣುವ ಹೆಸರು ಎಚ್. ಹಂಫ್ರಿ. ಅದು ಹ್ಯಾನಾ ಹಂಫ್ರಿ ಎಂಬ ಹೆಂಗಸು, ಈ ಚಿತ್ರಗಳನ್ನು ಅಚ್ಚು ಹಾಕಿಸಿ ಮಾರುವ ಅಂಗಡಿಯ ಒಡತಿ. ಗಿಲ್‌ರೇ ಇದ್ದದ್ದೂ ಅವಳ ಮನೆಯಲ್ಲೇ. ದಿನಾಂಕ ಬರೆದಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಕಾಗದದ ಮೇಲೆ ಮಡಿಕೆಯ ಗೆರೆ ಇದ್ದರೆ ಆ ಚಿತ್ರ ಪತ್ರಿಕೆಯೊಳಗೆ ಬಂದದ್ದಿರಬಹುದು. 1811ರಿಂದ 1816ರವರೆಗೆ ನಡೆದ ‘ದಿ ಸ್ಕರ್ಜ್’ ಪತ್ರಿಕೆಯಲ್ಲಿ ಬಣ್ಣದ ಚಿತ್ರಗಳನ್ನು ಹೀಗೆ ಮಡಚಿ ಇಡುತ್ತಿದ್ದರು.

2. ಮುಖ ಗುರುತಿಸಿ

ಇದು ಬೇಗ ಬರುತ್ತದೆ. ಕಡ್ಡಿಯಂಥ ಮೈ, ಚೂಪು ಮೂಗು ಅಂದರೆ ಪ್ರಧಾನಿ ಪಿಟ್. ದಪ್ಪ ಮೈ, ದಟ್ಟ ಕಪ್ಪು ಹುಬ್ಬು, ಬೋಳಿಸದ ಗಡ್ಡ ಅಂದರೆ ವಿರೋಧಿ ಫಾಕ್ಸ್. ದೊಡ್ಡ ಟೋಪಿಯ ಕುಳ್ಳ ನೆಪೋಲಿಯನ್. ಅವನು ನಿಜವಾಗಿ ಅಷ್ಟೇನೂ ಕುಳ್ಳನಲ್ಲ. ಆ ನಂಬಿಕೆಯನ್ನು ನಮ್ಮವರೆಗೂ ತಂದದ್ದರಲ್ಲಿ ಈ ಚಿತ್ರಗಳ ಪಾಲು ದೊಡ್ಡದು.

3. ಸಾಮಾನುಗಳನ್ನು ಒಂದೊಂದಾಗಿ ನೋಡಿ

ನನಗೆ ತುಂಬ ಇಷ್ಟವಾದ ಹಂತ ಇದು. ಆ ಡೊಳ್ಳುಹೊಟ್ಟೆಯವನ ಹತ್ತಿರ ಹೋಗಿ. 1792ರ ಜುಲೈನ ಚಿತ್ರ, ಅವನು ಯುವರಾಜ. ಅಂಗಿಯ ಗುಂಡಿ ಇನ್ನೇನು ಕಿತ್ತು ಬರುವಂತಿದೆ. ಫೋರ್ಕಿನಿಂದ ಹಲ್ಲು ಕೆದಕುತ್ತಿದ್ದಾನೆ. ಮೇಜಿನ ಮೇಲೆ ಮೂಳೆ, ಕೆಳಗೆ ಖಾಲಿ ಬಾಟಲಿ. ಈಗ ಅವನ ಹಿಂದೆ ನೋಡಿ. ತುಂಬಿದ ಮೂತ್ರದ ಪಾತ್ರೆಯೊಂದಿದೆ. ಅದರ ಅಡಿಯಲ್ಲಿರುವ ಕಾಗದಗಳು ಏನು ಗೊತ್ತಾ? ಅವನು ತೀರಿಸದೆ ಇಟ್ಟ ಬಿಲ್ಲುಗಳು! ಯುವರಾಜನ ಸಾಲದ ಕಥೆ ಇಡೀ ಊರಿಗೇ ಗೊತ್ತಿತ್ತು. ಒಂದು ಪಾತ್ರೆಯಲ್ಲಿ ಅದೆಲ್ಲವೂ ಬಂದುಬಿಟ್ಟಿದೆ.

ಅದೇ ತಿಂಗಳು ಗಿಲ್‌ರೇ ಇದಕ್ಕೆ ಜೋಡಿಯಾಗಿ ಇನ್ನೊಂದು ಬರೆದ. ಅದರಲ್ಲಿ ಅಪ್ಪ, ಅಂದರೆ ಮೂರನೇ ಜಾರ್ಜ್ ದೊರೆ, ತೇಪೆ ಹಾಕಿದ ಚಲ್ಲಣ ತೊಟ್ಟು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದಾನೆ. ಮಗ ದುಂದುಗಾರ, ಅಪ್ಪ ಜಿಪುಣ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.

4. ದುಡ್ಡು ಯಾರದು ಅಂತ ಕೇಳಿ

ಕೈಯಿಂದ ಬಣ್ಣ ತುಂಬಿದ ಚಿತ್ರಕ್ಕೆ ಸಾಮಾನ್ಯವಾಗಿ ಎರಡು ಶಿಲ್ಲಿಂಗ್, ಅಂದರೆ ಕೂಲಿಯವನ ಒಂದು ದಿನದ ದುಡಿಮೆಯ ಹತ್ತಿರಹತ್ತಿರ. ಬಡವರು ಕಿಟಕಿಯಲ್ಲಿ ನೋಡಿದರು, ಉಳ್ಳವರು ಕೊಂಡರು. 1797ರಿಂದ ಗಿಲ್‌ರೇಗೆ ಪಿಟ್ ಸರ್ಕಾರದ ಕಡೆಯಿಂದ ವರ್ಷಕ್ಕೆ 200 ಪೌಂಡ್ ಬರುತ್ತಿತ್ತು. ಅದಕ್ಕೆ, ಫಾಕ್ಸ್‌ನನ್ನು ಗೇಲಿ ಮಾಡುವ ಚಿತ್ರ ಸಿಕ್ಕರೆ ಇಸವಿಯನ್ನು ಇನ್ನೊಮ್ಮೆ ನೋಡಿ.

5. ಈಗ ಶ್ರೀರಂಗಪಟ್ಟಣಕ್ಕೆ ಬನ್ನಿ

ಕಲಿತದ್ದನ್ನು ನಮ್ಮೂರಿನ ಚಿತ್ರದ ಮೇಲೇ ಪ್ರಯೋಗ ಮಾಡೋಣ. ಗಿಲ್‌ರೇಯದೇ ಚಿತ್ರ, ತಲೆಬರಹದಲ್ಲಿ ಮುಂಗಾರಿನ ಆಗಮನ, ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು ಎಂಬ ಮಾತಿದೆ. ಬ್ರಿಟಿಷ್ ಸೈನ್ಯ ಓಡುತ್ತಿದೆ. ಕೋಟೆಯ ಮೇಲೆ ನಿಂತ ಟಿಪ್ಪು ಅವರ ಮೇಲೆ ಉಚ್ಚೆ ಹೊಯ್ಯುತ್ತಿದ್ದಾನೆ. ಮುಂಗಾರು ಮಳೆ ಅಂದರೆ ಅದೇ!

ನಡೆದದ್ದು ಇಷ್ಟು. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದಿದ್ದ. ಮಳೆ ಹಿಡಿಯಿತು, ಎತ್ತುಗಳು ಸತ್ತವು, ಕಾಳುಕಡ್ಡಿ ಮುಗಿಯಿತು. ಭಾರದ ಫಿರಂಗಿಗಳನ್ನು ಎಳೆಯಲಾಗದೆ ತಾನೇ ಹಾಳುಮಾಡಿ ವಾಪಸು ಹೋದ. ತನ್ನ ಸೇನಾಪತಿಯನ್ನು ತನ್ನ ಊರಿನ ಪೇಟೆಯಲ್ಲೇ ಹೀಗೆ ಬರೆದು ಮಾರುವ ಎದೆಗಾರಿಕೆ ಗಿಲ್‌ರೇಗಿತ್ತು. ಅದಕ್ಕಾಗಿಯೇ ಅವನ ಮೇಲೆ ನನಗೆ ಇಷ್ಟು ಗೌರವ.

ಈಗ ಅಂಚು ನೋಡಿ: 6 ಡಿಸೆಂಬರ್ 1791. ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಿಟಕಿಯ ಮುಂದೆ ಜನ ನಗುತ್ತಿದ್ದಾಗ ಇಲ್ಲಿ ಕಾರ್ನ್‌ವಾಲಿಸ್ ಮತ್ತೆ ದಂಡು ಕಟ್ಟಿಯಾಗಿತ್ತು. 1792ರ ಫೆಬ್ರುವರಿಯಲ್ಲಿ ಅವನು ಅದೇ ಕೋಟೆಯ ಮುಂದೆ ನಿಂತಿದ್ದ.