ಡೊಮೈನ್ ಬದಲಿಸಿದೆ, ಹಳೆಯದನ್ನು ಬಿಡಲಿಲ್ಲ

ನನ್ನ ವೆಬ್‌ಸೈಟಿನ ಹಳೆ ಡೊಮೈನ್, ಅಂದರೆ ವಿಳಾಸದ ಹೆಸರು, ಉದ್ದ, ಮಧ್ಯೆ ಎರಡು ಹೈಫನ್ ಬೇರೆ. ಫೋನಿನಲ್ಲಿ ಹೇಳಿದರೆ ಯಾರಿಗೂ ಒಂದೇ ಸಲಕ್ಕೆ ತಿಳಿಯುತ್ತಿರಲಿಲ್ಲ. ಬದಲಿಸೋಣ ಅಂದುಕೊಳ್ಳುತ್ತಲೇ ಎರಡು ವರ್ಷ ಕಳೆದೆ. ಓದುಗರಲ್ಲಿ ಮುಕ್ಕಾಲು ಪಾಲು ಬರುತ್ತಿದ್ದದ್ದು ಗೂಗಲ್ ಹುಡುಕಾಟದಿಂದ. ಅದು ನಿಂತುಹೋದರೆ ಅನ್ನೋ ಭಯ.

ಕೊನೆಗೆ ಧೈರ್ಯ ಮಾಡಿ ಮೊದಲು ಒಂದು ಪಟ್ಟಿ ಮಾಡಿದೆ. ಸ್ಪ್ರೆಡ್‌ಶೀಟಿನಲ್ಲಿ ಎಡಗಡೆ ಹಳೆ ವಿಳಾಸ, ಬಲಗಡೆ ಹೊಸದು. ಸೈಟಿನ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಒಂದನ್ನೇ ನಂಬಿದ್ದರೆ ಕೆಟ್ಟೆ. ಎಂದೋ ವಿಳಾಸ ಬದಲಿಸಿ ಮರೆತಿದ್ದ ಪುಟಗಳಿಗೆ ಬೇರೆ ಸೈಟುಗಳ ಲಿಂಕ್ ಹಿಡಿದು ಜನ ಇನ್ನೂ ಬರುತ್ತಿದ್ದರು. ಅವು ಸರ್ವರ್ ಲಾಗ್ (ಯಾರು ಯಾವ ಪುಟ ಕೇಳಿದರು ಅನ್ನೋ ದಾಖಲೆ) ತೆಗೆದು ನೋಡಿದಾಗಲೇ ಸಿಕ್ಕಿದ್ದು. ಅವುಗಳ ಮೇಲೆ ಆಗಲೇ ಒಂದು ರೀಡೈರೆಕ್ಟ್, ಅಂದರೆ ಬಂದವರನ್ನು ತಾನಾಗಿ ಬೇರೆ ವಿಳಾಸಕ್ಕೆ ಕಳಿಸುವ ವ್ಯವಸ್ಥೆ, ಇತ್ತು. ಅದರ ಮೇಲೆ ಇನ್ನೊಂದು ಹಾಕಿದರೆ ಸರಪಳಿ ಬೆಳೆಯುತ್ತದೆ, ಅಲ್ವಾ? ಹಾಗಾಗಿ ಎಲ್ಲವನ್ನೂ ನೇರವಾಗಿ ಹೊಸ ವಿಳಾಸಕ್ಕೇ ತಿರುಗಿಸಿದೆ.

ಎಲ್ಲ ಪುಟಗಳನ್ನೂ ಸುಮ್ನೆ ಹೊಸ ಮುಖಪುಟಕ್ಕೆ ಕಳಿಸಿಬಿಡು ಅಂತ ಗೆಳೆಯನೊಬ್ಬ ಹೇಳಿದ್ದ. ಕೇಳಲಿಲ್ಲ. ಹಾಗೆ ಮಾಡಿದರೆ ಆ ಪುಟ ಇಲ್ಲವೇ ಇಲ್ಲ ಅಂತ ಗೂಗಲ್ ಲೆಕ್ಕ ಹಾಕಬಹುದು. ಇಷ್ಟು ದಿನ ಆ ಪುಟ ಗಳಿಸಿದ್ದೆಲ್ಲ ಹೋದಂತೆ. ಪುಟಕ್ಕೆ ಪುಟ ಜೋಡಿಸುವುದು ಬೇಜಾರಿನ ಕೆಲಸ, ಆದರೆ ಅಸಲಿ ಕೆಲಸ ಅದೇ. ಹೊಸ ವಿನ್ಯಾಸದ ಆಸೆಯನ್ನೂ ಆಗ ಬದಿಗಿಟ್ಟೆ. ಎರಡೂ ಒಟ್ಟಿಗೆ ಬದಲಿಸಿ ಓದುಗರು ಕಡಿಮೆಯಾದರೆ ಯಾವುದರಿಂದ ಆಯಿತು ಅಂತ ಹೇಗೆ ಗೊತ್ತಾಗಬೇಕು?

ಬದಲಿಸಿದ ರಾತ್ರಿ, ಸರ್ವರ್ ಏನು ಉತ್ತರ ಕೊಡುತ್ತದೆ ಅಂತ ತೋರಿಸುವ ಕರ್ಲ್ ಕಮಾಂಡಿನಿಂದ ಹತ್ತಾರು ಹಳೆ ವಿಳಾಸ ಪರೀಕ್ಷಿಸಿದೆ. ಎರಡು ಕಡೆ 301 ಅನ್ನೋ ಸಂಕೇತದ ಬದಲು 302 ಬರುತ್ತಿತ್ತು. 301 ಅಂದರೆ ಶಾಶ್ವತ ರೀಡೈರೆಕ್ಟ್, 302 ಅಂದರೆ ತಾತ್ಕಾಲಿಕ. ನಾನು ಹೋಗುತ್ತಿದ್ದದ್ದು ಶಾಶ್ವತವಾಗಿ. ಅದನ್ನು ಸರಿಪಡಿಸಿ, ಸೈಟ್ ಮಾಲೀಕರಿಗಾಗಿ ಗೂಗಲ್ ಕೊಡುವ ಸರ್ಚ್ ಕನ್ಸೋಲಿನಲ್ಲಿ ವಿಳಾಸ ಬದಲಾವಣೆಯ ಅರ್ಜಿ ಹಾಕಿದೆ. ಎರಡೂ ಡೊಮೈನ್ ನಿಮ್ಮವೇ ಅಂತ ಅಲ್ಲಿ ಮೊದಲೇ ದೃಢಪಟ್ಟಿರಬೇಕು.

ಒಂದು ವಾರ ಆದರೂ ಹೊಸ ಪುಟಗಳು ಹುಡುಕಾಟದಲ್ಲಿ ಕಾಣಲೇ ಇಲ್ಲ. ಗಾಬರಿಯಾಯಿತು. ಒಂದು ಪುಟವನ್ನು ಸರ್ಚ್ ಕನ್ಸೋಲಿನ ಪರಿಶೀಲನೆಗೆ ಹಾಕಿದೆ. ‘ನೀವು ಸೂಚಿಸಿದ ಕ್ಯಾನೋನಿಕಲ್’ (ಪುಟದ ಅಸಲಿ ವಿಳಾಸ ಯಾವುದು ಅನ್ನೋ ಸೂಚನೆ) ಅನ್ನೋ ಸಾಲಿನಲ್ಲಿ ಹಳೆ ಡೊಮೈನ್ ಕೂತಿತ್ತು! ಎಂದೋ ಎಲ್ಲ ಪುಟಗಳಿಗೂ ಅಚ್ಚಾದ ಟೆಂಪ್ಲೇಟಿನೊಳಗೆ ನಾನೇ ಕೈಯಾರೆ ಬರೆದಿದ್ದ ಹೆಸರು ಅದು. ಅಂದರೆ ಹಳೆ ಪುಟ ‘ಹೊಸದಕ್ಕೆ ಹೋಗು’ ಅನ್ನುತ್ತಿತ್ತು, ಹೊಸ ಪುಟ ‘ಅಸಲಿ ಅಲ್ಲಿದೆ’ ಅಂತ ಹಿಂದಕ್ಕೆ ಕೈ ತೋರಿಸುತ್ತಿತ್ತು. ಪಾಪ, ಗೂಗಲ್ ಯಾರ ಮಾತು ಕೇಳಬೇಕು? ತಿದ್ದಿದ್ದು ಒಂದೇ ಸಾಲು. ಮೂರು ದಿನಕ್ಕೆ ಹೊಸ ಪುಟಗಳು ಒಂದೊಂದಾಗಿ ಕಾಣಿಸಿಕೊಂಡವು. ಐದನೇ ವಾರದ ಹೊತ್ತಿಗೆ ಹೊಸ ಡೊಮೈನಿನ ಕ್ಲಿಕ್ಕುಗಳು ಹಳೆಯದನ್ನು ದಾಟಿದವು. ನಡುವೆ ಸ್ವಲ್ಪ ಇಳಿದಿದ್ದು ನಿಜ.

ಇನ್ನೊಂದು ಅನಾಹುತ ಕೂದಲೆಳೆಯಲ್ಲಿ ತಪ್ಪಿತು. ಹಳೆ ಡೊಮೈನಿಗೆ ಇನ್ನೇನು ಕೆಲಸ ಅಂತ ಅದರ ಎಸ್‌ಎಸ್‌ಎಲ್ ಸರ್ಟಿಫಿಕೇಟಿನ (ಸಂಪರ್ಕ ಸುರಕ್ಷಿತ ಅಂತ ಬ್ರೌಸರಿಗೆ ತೋರಿಸುವ ಪ್ರಮಾಣಪತ್ರ) ನವೀಕರಣ ನಿಲ್ಲಿಸಲು ಹೊರಟಿದ್ದೆ. ಅದರ ಆಯಸ್ಸು ಬರೀ 90 ದಿನ. ಅದು ಮುಗಿದಿದ್ದರೆ, ರೀಡೈರೆಕ್ಟ್ ಆಗುವ ಮೊದಲೇ ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿ ಓದುಗರನ್ನು ಅಲ್ಲೇ ನಿಲ್ಲಿಸುತ್ತಿತ್ತು.

ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಅನ್ನುತ್ತದೆ ಗೂಗಲ್. ವರ್ಷ ತುಂಬಿದ ದಿನ ಲಾಗ್ ತೆರೆದರೆ, ಲಾಗ್‌ನಲ್ಲೇ ಸಿಕ್ಕಿದ್ದ ಆ ಮರೆತುಹೋದ ವಿಳಾಸಗಳನ್ನು ಗೂಗಲ್‌ಗಾಗಿ ಪುಟಗಳನ್ನು ಓದುತ್ತಾ ತಿರುಗುವ ಗೂಗಲ್‌ಬಾಟ್ ಇನ್ನೂ ಕೇಳುತ್ತಿತ್ತು. ಹಳೆ ಹೆಸರಿಗೆ ಮತ್ತೆ ದುಡ್ಡು ಕಟ್ಟಿದೆ, ಹೈಫನ್ ಸಮೇತ.