ಸೀತನಿ ಕೂಟಕ್ಕೆ ಎಷ್ಟು ತೆನೆ, ಎಷ್ಟು ಕುಳ್ಳು?

ಎಳ್ಳ ಅಮಾಸಿ ಹತ್ತಿರ ಬಂತೆಂದರೆ ವಿಜಯಪುರದಲ್ಲಿ ಫೋನ್‌ಗಳು ಶುರುವಾಗುತ್ತವೆ. ‘ನಿಮ್ಮ ಹೊಲದಾಗ ಸೀತನಿ ಬಂದೈತೇನ್ರಿ?’ ಹೊಲ ಇದ್ದವರಿಗೆ ಆ ದಿನಗಳಲ್ಲಿ ನೆಂಟರು ಜಾಸ್ತಿ.

ಹಾಲುಗಾಳು ದಾಟಿದ, ಇನ್ನೂ ಗಟ್ಟಿಯಾಗದ ಜೋಳದ ತೆನೆಯನ್ನು ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ ಕಾಳು ಬಿಡಿಸಿ, ಶೇಂಗಾ ಹಿಂಡಿ (ಚಟ್ನಿಪುಡಿ), ಕೆನೆಮೊಸರಿನ ಜೊತೆ ತಿನ್ನುವುದೇ ಸೀತನಿ. ಪೇಟೆಯ ಹುಡುಗರು ಇದನ್ನು ‘ನಮ್ಮೂರ ಬಾರ್ಬೆಕ್ಯೂ’ ಅನ್ನುತ್ತಾರೆ. ಅನ್ನಲಿ ಬಿಡಿ.

ಮೊದಲ ಸಲ ನಾನು ಕೂಟ ಇಟ್ಟಾಗ 20 ಜನಕ್ಕೆ 200 ತೆನೆ ಮುರಿಸಿದ್ದೆ. ಕಡಿಮೆ ಬಿದ್ದರೆ ಮರ್ಯಾದೆ ಪ್ರಶ್ನೆ ಅಲ್ವಾ? ಆದರೆ ಕೆಂಡದ ಕುಣಿ ಒಂದೇ, ಉಜ್ಜುವವನು ಒಬ್ಬನೇ. ತಟ್ಟೆ ಹಿಡಿದು ಕೂತವರು ಕಾಯುತ್ತಾ ಕಾಯುತ್ತಾ ಕಾರಿನಿಂದ ಬಿಸ್ಕತ್ತು ತಂದು ತಿಂದರು. ಸುಟ್ಟಿಟ್ಟ ತೆನೆ ಆರಿ ಹೋದವು. ಆರಿದ ತೆನೆಯಿಂದ ಕಾಳು ಸಲೀಸಾಗಿ ಬಿಡುವುದಿಲ್ಲ, ಬಿಟ್ಟರೂ ಬಾಯಲ್ಲಿ ರಬ್ಬರ್. ಅರ್ಧಕ್ಕರ್ಧ ತೆನೆ ಎತ್ತಿನ ಪಾಲಾಯಿತು. ಅಂದಿನಿಂದ ನಾನು ತೆನೆಗಿಂತ ಮೊದಲು ಕೆಂಡ ಮತ್ತು ಕೈಗಳ ಲೆಕ್ಕ ಹಾಕುತ್ತೇನೆ.

ಮೊದಲು ಹೊಲ ನೋಡಿ ಬನ್ನಿ

ಹಿಂಗಾರಿ ಜೋಳ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಡಿಸೆಂಬರ್ ಕೊನೆಯಿಂದ ಜನವರಿವರೆಗೆ ಸೀತನಿ ಹದ. ಒಂದು ಹೊಲದಲ್ಲಿ ಆ ಹದ ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಹಾಗಾಗಿ ಕೂಟಕ್ಕೆ ಎರಡು ದಿನ ಮೊದಲು ಹೋಗಿ ಕಾಳಿಗೆ ಉಗುರು ಒತ್ತಿ. ಹಾಲು ಚಿಮ್ಮಿದರೆ ಇನ್ನೂ ಎಳೆಯದು, ಕೆಂಡಕ್ಕೆ ಹಿಡಿದರೆ ಸುರುಟಿಕೊಳ್ಳುತ್ತದೆ. ಉಗುರು ಇಳಿಯದಿದ್ದರೆ ಹೊತ್ತು ಮೀರಿತು. ನಾದಿದ ಹಿಟ್ಟಿನಂತೆ ಮೆತ್ತಗೆ ಒತ್ತಿಕೊಂಡು ಉಗುರಿಗೆ ಬಿಳಿ ಅಂಟಿದರೆ ಅದೇ ಹದ.

ಇನ್ನೊಂದು ಮಾತು ಕೇಳಲೇಬೇಕು. ಇತ್ತೀಚೆಗೆ ಬೆಳೆಗೆ ಎಣ್ಣಿ, ಅಂದರೆ ಕೀಟನಾಶಕ ಹೊಡೆದಿದ್ದಾರಾ? ಹೌದು ಅಂದರೆ ಬೇರೆ ಹೊಲ ನೋಡಿ. ಇದರಲ್ಲಿ ದಾಕ್ಷಿಣ್ಯ ಬೇಡ.

ತೆನೆ ಎಷ್ಟು?

ನನ್ನ ಲೆಕ್ಕ ಹೀಗಿದೆ. ದೊಡ್ಡವರಿಗೆ 4 ತೆನೆ, ಮಕ್ಕಳಿಗೆ 2. ಕೂಟದಲ್ಲಿ 20 ದೊಡ್ಡವರು, 5 ಮಕ್ಕಳು ಅಂದುಕೊಳ್ಳಿ. 80 ಮತ್ತು 10, ಒಟ್ಟು 90. ಸುಡುವಾಗ ಒಂದಷ್ಟು ಸೀದು ಹೋಗುತ್ತವೆ, ಒಂದಷ್ಟು ಎಳೆಯವು ಸೇರಿಕೊಂಡಿರುತ್ತವೆ. 100 ಅಂತ ಹಿಡಿಯಿರಿ. ಆದರೆ ಎರಿ (ಕಪ್ಪುಮಣ್ಣಿನ) ಹೊಲದ ತುಂಬುತೆನೆಗೂ ಮಳೆ ಕೈಕೊಟ್ಟ ಹೊಲದ ಬಡಕಲು ತೆನೆಗೂ ಬಹಳ ಅಂತರ. ಹೊಲ ನೋಡಲು ಹೋದ ದಿನವೇ ಒಂದು ತೆನೆ ಸುಟ್ಟು ಉಜ್ಜಿ ನೋಡಿ. ಎರಡು ಬೊಗಸೆಗೆ ಎಷ್ಟು ತೆನೆ ಬೇಕಾಗುತ್ತವೋ ಅಷ್ಟು ಒಬ್ಬರ ಪಾಲು.

ಎಲ್ಲ ತೆನೆ ಒಮ್ಮೆಲೇ ಮುರಿಯಬೇಡಿ. ಮುರಿದ ಮೇಲೆ ಕಾಳಿನ ಸಿಹಿ ಇಳಿಯುತ್ತಾ ಹೋಗುತ್ತದೆ. 25ರಂತೆ ನಾಲ್ಕು ಸರದಿ ಮಾಡಿ. ಕೊನೆಯ ಸರದಿ ಬೇಕೋ ಬೇಡವೋ ಅಂತ ಆಗ ನೋಡಿದರಾಯಿತು. ಉಳಿದದ್ದು ಹೊಲದಲ್ಲೇ ಕಾಳಾಗುತ್ತದೆ, ಯಾರಿಗೂ ನಷ್ಟವಿಲ್ಲ. ಕುಡುಗೋಲಿನಿಂದ ತೆನೆಗೆ ಒಂದು ಗೇಣು ಕಾಂಡ ಬಿಟ್ಟು ಕೊಯ್ಯಿರಿ, ಕೆಂಡದ ಮೇಲೆ ಹಿಡಿಯಲು ಅದೇ ಹಿಡಿಕೆ. ದಂಟು ಹಾಗೇ ನಿಂತಿರಲಿ, ರೈತನಿಗೆ ಕಣಿಕಿಯೂ (ದನದ ಒಣಮೇವು) ದುಡ್ಡೇ.

ದುಡ್ಡಿನ ಮಾತು ಬಂತು. ನೂರು ತೆನೆ ಒಣಗಿದ್ದರೆ ಸುಮಾರು 5 ಕಿಲೋ ಜೋಳ ಆಗುತ್ತಿತ್ತು. ಅಷ್ಟಕ್ಕೇ ಲೆಕ್ಕ ಹಾಕಿ ಕೊಡುವುದು ಸಣ್ಣತನ. ಹೊಲ ತುಳಿಸಿಕೊಂಡು, ಕುಣಿ ತೋಡಿಕೊಟ್ಟು, ಬಾವಿ ನೀರು ಕೊಟ್ಟವರಿಗೆ ಅದರ ಮೂರು ಪಟ್ಟಾದರೂ ಕೊಡಿ.

ಕುಳ್ಳು ಮತ್ತು ಕೈಗಳು

ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ಕುಣಿಗೆ ಎರಡು ತಾಸಿಗೆ 30 ಕುಳ್ಳು ಸಾಕು. ಉರಿ ಹಚ್ಚಲು ಒಂದು ಹೊರೆ ತೊಗರಿ ಕಟ್ಟಿಗೆ. ಮೊದಲು 12 ಕುಳ್ಳು ಒಟ್ಟಿ ಹಚ್ಚಿ. ಹೊಗೆ ನಿಂತು ಕೆಂಡವಾಗಲು ಮುಕ್ಕಾಲು ತಾಸು ಬೇಕು. ಜನ 9ಕ್ಕೆ ಬರುತ್ತಾರೆ ಅಂದರೆ 8ಕ್ಕೇ ಬೆಂಕಿ ಬಿದ್ದಿರಬೇಕು. ಉರಿಯಲ್ಲಿ ತೆನೆ ಹಿಡಿದರೆ ಮೇಲೆ ಕಪ್ಪು, ಒಳಗೆ ಹಸಿ.

ಒಮ್ಮೆಗೆ 8 ತೆನೆ ಕೆಂಡಕ್ಕೆ ಒರಗಿಸಿ, ಆಗಾಗ ತಿರುಗಿಸಿದರೆ ನಾಲ್ಕೈದು ನಿಮಿಷ. ಸಿಪ್ಪೆ ಚಿಟಚಿಟ ಅಂದು, ಹಸಿ ವಾಸನೆ ಹೋಗಿ ಹುರಿದ ಘಮ ಬಂದಾಗ ತೆಗೆಯಿರಿ. ಹೀಗೆ ಒಂದು ಕುಣಿಯಲ್ಲಿ ತಾಸಿಗೆ 70 ತೆನೆಯಂತೂ ಸುಡಬಹುದು. ಆದರೆ ಒಬ್ಬ ಮನುಷ್ಯ ತಾಸಿಗೆ 30 ತೆನೆ ಉಜ್ಜಿದರೆ ದೊಡ್ಡದು. ಅಷ್ಟರಲ್ಲಿ ಅಂಗೈ ಕೆಂಪಾಗಿರುತ್ತದೆ. ಎಡವುವುದು ಇಲ್ಲೇ ನೋಡಿ. ಒಂದು ಕುಣಿಗೆ ಸುಡುವವರು ಒಬ್ಬರು, ಉಜ್ಜುವವರು ಇಬ್ಬರು, ಮೊರದಲ್ಲಿ ಕೇರುವವರು ಒಬ್ಬರು ಇದ್ದರೆ ನೂರು ತೆನೆಗೆ ಒಂದು ತಾಸು ನಲವತ್ತು ನಿಮಿಷ. ಜನ 40 ದಾಟಿದರೆ ಎರಡನೇ ಕುಣಿ, ಇನ್ನೆರಡು ಜೊತೆ ಕೈ.

ಉಜ್ಜಲು ದಪ್ಪ ಗೋಣಿಚೀಲ 2, ಮೊರ 2 ಇರಲಿ. ಉಜ್ಜುವವರು ತುಂಬುತೋಳಿನ ಅಂಗಿ ಹಾಕಿಕೊಳ್ಳಲಿ, ಹೊಟ್ಟಿನ ದೂಳು ಮೈಗೆ ತಾಗಿದರೆ ತುರಿಕೆ ತಡೆಯಲಾಗದು. ಕೇರುವವರು ಗಾಳಿ ನೋಡಿ ನಿಲ್ಲಲಿ. ಇಲ್ಲದಿದ್ದರೆ ಎಲ್ಲ ಹೊಟ್ಟೂ ಮೊಸರಿನ ಗಡಿಗೆಗೆ.

ಜೊತೆಗೆ ಏನೇನು?

ಅದೇ 25 ಜನಕ್ಕೆ ಶೇಂಗಾ ಹಿಂಡಿ 1 ಕಿಲೋ. ಇದು ಕಡಿಮೆ ಬೀಳಬಾರದು, ಉಳಿದರೆ ಮನೆಗೆ ಒಯ್ಯಬಹುದು. ಗುರೆಳ್ಳು, ಅಗಸಿ ಹಿಂಡಿ ಕಾಲು ಕಿಲೋದಂತೆ. ಮೊಸರು 4 ಲೀಟರ್. ಬೆಲ್ಲ ಮುಕ್ಕಾಲು ಕಿಲೋ, ಒಣಕೊಬ್ಬರಿ ಕಾಲು ಕಿಲೋ. ಉಳ್ಳಾಗಡ್ಡಿ ಒಂದೂವರೆ ಕಿಲೋ, ಹಸಿಮೆಣಸಿನಕಾಯಿ ಒಂದು ಹಿಡಿ, ಉಪ್ಪು. ಸೀತನಿ ಮೇಲೆ ಕುಡಿಯಲು 6 ಲೀಟರ್ ಮಜ್ಜಿಗೆ. ಪಕ್ಕದ ಹೊಲದಲ್ಲಿ ಕಡ್ಲಿ ಇದ್ದರೆ ಸುಲಗಾಯಿ (ಹಸಿಕಡ್ಲಿ ಗಿಡ) ಒಂದು ಹೊರೆ ಕೇಳಿ ತನ್ನಿ, ಕಾಯುವ ಮಕ್ಕಳು ಸುಲಿಯುತ್ತಾ ಸುಮ್ನೆ ಕೂರುತ್ತಾರೆ.

ಊಟ ಬೇರೆ ಇಟ್ಟುಕೊಳ್ಳುವವರು ಅಳತೆ ತಗ್ಗಿಸಿ. ಸೀತನಿ ತಿಂದ ಹೊಟ್ಟೆಗೆ ಎರಡು ಸಜ್ಜಿ ರೊಟ್ಟಿಯೇ ಹೆಚ್ಚು. 40 ರೊಟ್ಟಿ, ಒಂದು ಪಲ್ಯ, ಅಷ್ಟೇ.

ಕುಡಿಯುವ ನೀರಿಗೆ 20 ಲೀಟರಿನ ಕ್ಯಾನ್ 2, ಬಿಸಿಲೇರಿದರೆ ಇನ್ನೊಂದು. ಮಸಿ ಕೈ ತೊಳೆಯಲು ಬೇರೆ ಕೊಡ. ಕುಣಿಯ ಪಕ್ಕ ತುಂಬಿದ ಬಕೆಟ್ 2, ಅವನ್ನು ಯಾರೂ ಮುಟ್ಟಬಾರದು. ಸುತ್ತಲೂ ಒಣಗುತ್ತಿರುವ ರವದಿ (ಜೋಳದ ಎಲೆ) ಇರುತ್ತದೆ, ಒಂದು ಕಿಡಿ ಸಾಕು. ಕುಣಿಯನ್ನು ಬೆಳೆಯಿಂದ ದೂರ, ಕಿಡಿ ಖಾಲಿ ನೆಲದ ಕಡೆ ಹಾರುವಂತೆ ತೋಡಿ.

ಕೊನೆಯ ಸರದಿ ಮುಗಿದ ಮೇಲೆ ಬಿಸಿ ಬೂದಿಯಲ್ಲಿ ಒಂದು ಕಿಲೋ ಬದನೆಕಾಯಿ ಹೂತುಬಿಡಿ. ಜನ ಮಜ್ಜಿಗೆ ಕುಡಿದು ಹರಟೆ ಹೊಡೆಯುವಷ್ಟರಲ್ಲಿ ಬೆಂದಿರುತ್ತವೆ, ರೊಟ್ಟಿಗೆ ಅದೇ ಪಲ್ಯ. ಅವನ್ನು ತೆಗೆದ ಮೇಲೆ ನೀರು ಸುರಿದು, ಮಣ್ಣು ಮುಚ್ಚಿ, ಹೊರಡುವಾಗ ಮತ್ತೊಮ್ಮೆ ಮೇಲೆ ಕೈ ಹಿಡಿದು ನೋಡಿ. ಮಣ್ಣು ಬೆಚ್ಚಗಿದ್ದರೆ ಇನ್ನೊಂದು ಬಕೆಟ್ ಸುರಿಯಿರಿ. ಬಿಡಿಸಿದ ಕಾಳು ಉಳಿದಿದ್ದರೆ ಡಬ್ಬಿಗೆ ತುಂಬಿಕೊಳ್ಳಿ, ಸಂಜೆ ಉಳ್ಳಾಗಡ್ಡಿ ಒಗ್ಗರಣೆಗೆ ಹಾಕಿದರೆ ಉಸಳಿ.